ಹ ನೋಡುವ ಅಕ್ಕ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಡವೆಂದು ಅವರೇ ಹೇಳಿದ್ದರು. “ಮುಂದ್ಕೆ ನೀ ಏನಾರ ದೊಡ್ ಮನ್ಸಿ ಆಗಿ, ನನ್ ಕತೆ ಎಲ್ಲಾರ ಬರುದ್ರೂವೆ ಎಸ್ರು ಮಾತ್ರ ಆಕ್‌ಬ್ಯಾಡ ಕಣಮ್ಮಿ. ತಪ್ಪಾಗೇ ಬರೀತೀಯ” ಎಂದು ನಕ್ಕಿದ್ದರು. ನಾನು ದೊಡ್ಡ ಮನುಷ್ಯಳೇನೂ ಆಗಲಿಲ್ಲ, ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾದೆ. ಆದರೂ ಅವರ ಮಾತು ಮೀರುವುದು ಬೇಡ. ಚಾಮರಾಜನಗರದ ಗ್ರಂಥಾಲಯದ ಓದುವ ಕೋಣೆಯಲ್ಲಿ ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಇಲ್ಲಿಯೂ ಅಕ್ಕ ಎಂದೇ ಇರಲಿ.

ಕಳೆದ ವಾರ ಕಚೇರಿಯ ಕೆಲಸದ ಮೇಲೆ ಆ ಗ್ರಂಥಾಲಯದ ಕಡೆ ಹೋಗಿದ್ದೆ. ಮೆಟ್ಟಿಲ ಮೇಲೆ ಇಬ್ಬರು ಹುಡುಗಿಯರು ಕೂತಿದ್ದರು. ಒಬ್ಬಳು ಪ್ಲಾಸ್ಟಿಕ್ ಫೈಲನ್ನು ಇನ್ನೊಬ್ಬಳ ಮಡಿಲಿಗೆ ಹಾಕಿ, “ನಾಳೆ ವೆರಿಫಿಕೇಶನ್ ಕಣೆ. ಒಂದ್ಸಲ ಹ ನೋಡ್ಬುಡು” ಎಂದಳು. ನನ್ನ ಕಾಲು ಅಲ್ಲೇ ನಿಂತಿತು.

“ಹ ನೋಡೋದು ಅಂದ್ರೆ ಏನಮ್ಮ?” ಎಂದು ಗೊತ್ತಿಲ್ಲದವಳ ಹಾಗೆ ಕೇಳಿದೆ.

“ಡಾಕ್ಯುಮೆಂಟ್ ಎಲ್ಲಾ ಸರಿಯಾಗದಾ ಅಂತ ಚೆಕ್ ಮಾಡೋದು ಮೇಡಮ್. ಇಲ್ಲಿ ಅಂಗಂತಾರೆ.”

“ಯಾಕೆ ಹಾಗಂತಾರೆ?”

“ಗೊತ್ತಿಲ್ಲ ಮೇಡಮ್. ಮೊದ್ಲಿಂದ್ಲೂ ಅಂಗೇ.”

ಮೊದಲಿಂದಲೂ ಅಂತೆ! ಅಕ್ಕ ಆ ಕೋಣೆ ಬಿಟ್ಟು ಹೋಗಿ ಮೂರು ವರ್ಷವಾಗಿದೆ, ಅಷ್ಟೇ. ಮಾತು ಉಳಿದಿದೆ, ಮಾತಿನ ಒಡತಿ ಯಾರೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಮನೆಗೆ ಬಂದು ಇದನ್ನು ಬರೆಯಲು ಕೂತೆ.

ನಮ್ಮೂರು ಗುಂಡ್ಲುಪೇಟೆ ತಾಲ್ಲೂಕು, ಗೋಪಾಲಸ್ವಾಮಿ ಬೆಟ್ಟದ ಬುಡ, ಹಂಗಳದಿಂದ ಒಳಕ್ಕೆ. ಬಸ್ಸಿನ ಕಂಡಕ್ಟರು “ಅಂಗ್ಳ, ಅಂಗ್ಳ” ಎಂದು ಕೂಗುತ್ತಾನೆ. ಹಂಗಳದವರು ಎದ್ದು ಇಳಿಯುತ್ತಾರೆ, ಯಾರಿಗೂ ಗೊಂದಲವಿಲ್ಲ. ನಮ್ಮ ಕಡೆ ಹ ಎಂಬ ಅಕ್ಷರ ಪುಸ್ತಕದಲ್ಲಿ ಮಾತ್ರ ಇರುತ್ತದೆ, ಬಾಯಿಗೆ ಬರುವಾಗ ಉದುರಿಹೋಗುತ್ತದೆ. ಹಾಲನ್ನು ಆಲು ಅನ್ನುತ್ತೇವೆ, ಹೂವನ್ನು ಊವು ಅನ್ನುತ್ತೇವೆ. ಅದರಿಂದ ಹಾಲೇನೂ ಕೆಟ್ಟಿಲ್ಲ, ಹೂವೇನೂ ಬಾಡಿಲ್ಲ.

ಗುಂಡ್ಲುಪೇಟೆಯಲ್ಲಿ ಬಿ.ಎ. ಮುಗಿಸಿ ಕೆಲಸ ಹುಡುಕಲು ಚಾಮರಾಜನಗರಕ್ಕೆ ಬಂದೆ. ದೊಡ್ಡ ಊರಿನವರು ಚಾಮರಾಜನಗರವನ್ನು ಶಹರವೆಂದು ಎಣಿಸುವುದಿಲ್ಲ, ಗೊತ್ತು. ಕಾಡಂಚಿನಿಂದ ಬಂದವಳಿಗೆ ಅದು ಶಹರವೇ. ಜಿಲ್ಲಾ ಕಚೇರಿಯ ಕಟ್ಟಡದಲ್ಲಿ ಮೊದಲ ದಿನ ಹೊರಗೆ ಬರುವ ಬಾಗಿಲು ಸಿಗದೆ ಎರಡು ಸುತ್ತು ಹೊಡೆದವಳು ನಾನು. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಒಂದು ಕೋಣೆ. ಅಪ್ಪ ಕಳಿಸುವಾಗಲೇ ಕಡ್ಡಿ ಮುರಿದ ಹಾಗೆ ಹೇಳಿದ್ದ: “ಇನ್ನೆಲ್ಡು ಉಗಾದಿ ಗಂಟ ನೋಡು. ಆಮ್ಯಾಕೆ ನಾ ಏಳ್ದಂಗೆ ಕೇಳ್ಬೇಕು.” ಏನು ಕೇಳಬೇಕೆಂದು ಗೊತ್ತೇ ಇತ್ತು. ಸೋದರಮಾವನ ಮಗ ಗಂಡು ಅಂತ ಮನೆಯಲ್ಲಿ ಆಗಲೇ ಮಾತಾಗಿತ್ತು. ಅವನು ಕೆಟ್ಟವನಲ್ಲ. ಆದರೆ ಅವನ ಮನೆಯ ಹಿತ್ತಿಲು, ಕೊಟ್ಟಿಗೆ, ನಲ್ಲಿ ಎಲ್ಲವೂ ನನಗೆ ಹುಟ್ಟಿದಾಗಿನಿಂದ ಗೊತ್ತು. ಜೀವನವೆಲ್ಲ ಅಲ್ಲೇ ಎಂದರೆ ಉಸಿರು ಕಟ್ಟುತ್ತಿತ್ತು.

ಕೆಲಸ ಸಿಗಲಿಲ್ಲ. ಅರಿಸಿನ ಮಂಡಿಯಲ್ಲಿ ಚೀಟಿ ಬರೆಯಲು ಜನ ಬೇಕೆಂದರು, ಹೋದರೆ ಹುಡುಗಿ ಬೇಡವೆಂದರು. ರೇಷ್ಮೆ ಸೀರೆ ಅಂಗಡಿಯಲ್ಲಿ ಮೂರು ದಿನ ನಿಲ್ಲಿಸಿಕೊಂಡು, ಗಿರಾಕಿಗಳ ಜೊತೆ ನಗುವುದಿಲ್ಲವೆಂದು ಕಳಿಸಿದರು. ಒಂದು ಕಂಪ್ಯೂಟರ್ ಸೆಂಟರಿನವನು ಎಕ್ಸ್‌ಪೀರಿಯೆನ್ಸ್ ಇದೆಯಾ ಎಂದ. ಕೆಲಸ ಕೊಟ್ಟರೆ ತಾನೇ ಬರುವುದು ಎಂದೆ. ಬಾಯಿ ಜಾಸ್ತಿ ಎಂದ. ಹೀಗೆ ಎಲ್ಲ ಬಾಗಿಲೂ ತಟ್ಟಿಯಾದ ಮೇಲೆ, ಸರ್ಕಾರಿ ಪರೀಕ್ಷೆಗೆ ಓದುವವರ ಆ ಕೋಣೆಗೆ ಬಂದು ಸೇರಿಕೊಂಡೆ.

ಕಿಟಕಿಯ ಪಕ್ಕ, ಫ್ಯಾನಿನ ಕೆಳಗೆ ಒಂದು ಖಾಲಿ ಕುರ್ಚಿ ಇತ್ತು. ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಒಬ್ಬ ಸಣಕಲು ಹೆಂಗಸು ಬಂದು ಎದುರು ನಿಂತರು. ಎಣ್ಣೆ ಹಚ್ಚಿ ಬಿಗಿದ ಜಡೆ, ಚೂಡಿದಾರದ ಮೇಲೆ ಗಂಡಸರ ತುಂಬುತೋಳಿನ ಅಂಗಿ, ಹೊಲದ ಕೆಲಸಕ್ಕೆ ಹೋಗುವ ಹೆಂಗಸರು ಸೀರೆ ಮೇಲೆ ಹಾಕುತ್ತಾರಲ್ಲ, ಅಂಥದ್ದು.

“ಯಾರಮ್ಮಿ ನೀನು? ಅದು ನನ್ ಜಾಗ.”

“ಹೆಸರು ಬರೆದಿದೆಯಾ?” ಎಂದೆ. ಆಗ ನನಗೆ ಯಾರನ್ನು ಕಂಡರೂ ಕೋಪ.

ಅವರು ನನ್ನ ಮುಖವನ್ನೇ ನೋಡಿ, “ಇಲ್ಲ ಕಣಮ್ಮಿ. ಬರುದ್ರೆ ತಪ್ಪಾಯ್ತದೆ ಅಂತ ಬರುದಿಲ್ಲ” ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ಯಾಕೆ ನಕ್ಕರೆಂದು ನನಗೆ ತಿಳಿಯಲಿಲ್ಲ. ಆ ದಿನ ಕುರ್ಚಿ ನನಗೇ ಬಿಟ್ಟರು. ಮರುದಿನ ನಾನು ಬರುವಷ್ಟರಲ್ಲಿ ಅವರು ಅದರಲ್ಲಿದ್ದರು, ಪಕ್ಕದಲ್ಲಿ ಇನ್ನೊಂದು ಕುರ್ಚಿ ಎಳೆದಿಟ್ಟಿದ್ದರು. “ಕುಂತ್ಕೊ. ಬಾಯಿ ಜೋರಿರೋರು ಪಕ್ಕದಾಗೆ ಇದ್ರೆ ನಿದ್ದೆ ಬರಕ್ಕಿಲ್ಲ” ಎಂದರು.

ಅಕ್ಕ ಸಂತೆಮರಹಳ್ಳಿಯ ಕಡೆಯ ಒಂದು ಹಳ್ಳಿಯವರು. ಬೆಳಗಿನ ಮೊದಲ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಸಂತೆಯ ದಿನ ಮಾತ್ರ ಬರುತ್ತಿರಲಿಲ್ಲ. ಅವತ್ತು ಮತ್ತು ರಜೆಯ ದಿನಗಳಲ್ಲಿ ತಾಯಿಯ ಜೊತೆ ಹೊಲದ ಕೂಲಿಗೆ ಹೋಗುತ್ತಿದ್ದರು. ಅರಿಸಿನದ ಕಾಲದಲ್ಲಿ ಅವರ ಬೆರಳೆಲ್ಲ ಹಳದಿ. ಯಾವ ಪುಸ್ತಕವನ್ನು ಅಕ್ಕ ಎಲ್ಲಿಯವರೆಗೆ ಓದಿದ್ದಾರೆಂದು ಪುಟದ ಅಂಚು ನೋಡಿದರೆ ತಿಳಿಯುತ್ತಿತ್ತು. ನಾನು ಹೋಗುವ ಹೊತ್ತಿಗೆ ಅವರು ಆ ಕೋಣೆಗೆ ಬರಲು ಶುರುಮಾಡಿ ಹತ್ತು ವರ್ಷದ ಮೇಲಾಗಿತ್ತು. ಅವರ ಪಕ್ಕ ಕೂತು ಓದಿದವರು ಪೊಲೀಸರಾದರು, ಮೇಷ್ಟ್ರುಗಳಾದರು, ಪಂಚಾಯ್ತಿಯ ಅಧಿಕಾರಿಗಳಾದರು. ಅಕ್ಕ ಅದೇ ಕುರ್ಚಿಯಲ್ಲಿದ್ದರು.

ಅವರ ಕೆಲಸವೆಂದರೆ ಹ ನೋಡುವುದು. ಯಾರು ಅರ್ಜಿ ಹಾಕಲಿ, ಯಾರು ದಾಖಲೆ ಪರಿಶೀಲನೆಗೆ ಹೋಗಲಿ, ಮೊದಲು ಫೈಲು ಅಕ್ಕನ ಮುಂದೆ ಬರಬೇಕು. ಅಕ್ಕ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಕೆಂಪು ರೀಫಿಲ್ ಹಿಡಿದು, ಅಂಕಪಟ್ಟಿಯಿಂದ ಹಿಡಿದು ರೇಷನ್ ಕಾರ್ಡಿನವರೆಗೆ ಪ್ರತಿ ಹೆಸರನ್ನೂ ಅಕ್ಷರ ಅಕ್ಷರವಾಗಿ ತಾಳೆ ನೋಡುತ್ತಿದ್ದರು. ಎಲ್ಲಿ ಹ ಬಿಟ್ಟುಹೋಗಿದೆಯೋ ಅಲ್ಲಿ ಜೆರಾಕ್ಸ್ ಪ್ರತಿಯ ಮೇಲೆ ಒಂದು ಕೆಂಪು ಸೊನ್ನೆ. ನಮ್ಮ ಜಿಲ್ಲೆಯಲ್ಲಿ ಬಿಟ್ಟುಹೋಗದ ಹ ಎಲ್ಲಿದೆ? ಹೊನ್ನಪ್ಪ ಒಂದು ಕಾಗದದಲ್ಲಿ ಒನ್ನಪ್ಪ, ಹೇಮಾವತಿ ಇನ್ನೊಂದರಲ್ಲಿ ಏಮಾವತಿ. ಊರಿನವರು ಬಾಯಲ್ಲಿ ಹೇಳುತ್ತಾರೆ, ಬರೆಯುವವನು ಕಿವಿಯಲ್ಲಿ ಕೇಳಿದ್ದನ್ನು ಬರೆಯುತ್ತಾನೆ. ಪರಿಶೀಲನೆ ಮಾಡುವವರಿಗೆ ಹೊನ್ನಪ್ಪನೂ ಒನ್ನಪ್ಪನೂ ಬೇರೆ ಬೇರೆ ಮನುಷ್ಯರು.

ತಮಾಷೆಯೆಂದರೆ ಅಕ್ಕನ ಬಾಯಲ್ಲೂ ಹ ಇರಲಿಲ್ಲ. ಆ ಅಕ್ಷರವನ್ನು ಹೇಳಲೇಬೇಕಾಗಿ ಬಂದಾಗ ಡಾಕ್ಟರ ಮುಂದೆ ಕೂತವರ ಹಾಗೆ ಎದೆಯ ಮೇಲೆ ಕೈಯಿಟ್ಟು, ಉಸಿರು ಎಳೆದುಕೊಂಡು, “ಹ್…ಹ” ಎಂದು ಹೊರಗೆ ಬಿಡುತ್ತಿದ್ದರು. ಹುಡುಗರು ಬೇಕೆಂದೇ, “ಅಕ್ಕ, ಯಾವ ಅಕ್ಷರ ಬಿಟ್ಟೋಗದೆ?” ಎಂದು ಕೇಳುವರು. ಅಕ್ಕ ಕೈ ಎದೆಗೆ ಒಯ್ದು, ಅಷ್ಟರಲ್ಲಿ ಹುಡುಗಾಟ ಗೊತ್ತಾಗಿ, “ಓಗ್ರುಲಾ, ನಿಮ್ ಮಖಕ್ಕಿಷ್ಟು” ಎಂದು ಪೆನ್ನೆತ್ತಿ ಹೊಡೆಯಲು ಹೋಗುವರು. ನನ್ನ ಅಂಕಪಟ್ಟಿ ನೋಡಿ, “ಮಂಜುಳಾ. ನಿನ್ ಎಸ್ರುನಾಗೆ ಅದಿಲ್ಲ ಕಣಮ್ಮಿ, ಬದುಕ್ಕಂಡೆ” ಎಂದಿದ್ದರು. ನಾನೂ ಬದುಕಿಕೊಂಡೆ ಎಂದೇ ನಂಬಿದ್ದೆ.

ಅಕ್ಕನನ್ನು ದೇವತೆ ಮಾಡಲು ಹೊರಟಿಲ್ಲ. ಹೊಟ್ಟೆಕಿಚ್ಚು ಅವರಿಗೂ ಇತ್ತು. ಯಾರಿಗಾದರೂ ಕೆಲಸ ಸಿಕ್ಕಿ ಸಿಹಿ ತಂದರೆ ತಿನ್ನುವರು, ತಿಂದು “ತುಪ್ಪ ಸಾಲ್ದು” ಎನ್ನುವರು. ಹೊಸ ತಿಂಗಳ ಪರೀಕ್ಷಾ ಪತ್ರಿಕೆ ಬಂದರೆ ತಾವು ಓದಿ ಮುಗಿಸುವವರೆಗೆ ನಿಘಂಟಿನ ಹಿಂದೆ ಬಚ್ಚಿಡುವರು. ಒಮ್ಮೆ ನಾನು ಅದನ್ನು ಹುಡುಕಿ ತೆಗೆದದ್ದಕ್ಕೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಇಷ್ಟು ಓದಿಯೂ ಅವರಿಗೆ ಯಾಕೆ ಆಗುತ್ತಿಲ್ಲವೆಂದು ನನಗೆ ಮೊದಲು ಅರ್ಥವಾಗಲಿಲ್ಲ. ಪರೀಕ್ಷೆ ಮುಗಿಸಿ ಬಂದ ಮೇಲೆ ಪ್ರಶ್ನೆಗೊಂದರಂತೆ ಉತ್ತರ ಹೇಳುತ್ತಿದ್ದರು, ಎಲ್ಲವೂ ಸರಿ. ಆದರೆ ಪ್ರತಿ ಸಲ ಕೊನೆಯ ಒಂದಷ್ಟು ಪ್ರಶ್ನೆ ಬಿಟ್ಟೇ ಬಂದಿರುತ್ತಿದ್ದರು. ಒಂದು ಪರೀಕ್ಷೆಯಲ್ಲಿ ನಮ್ಮಿಬ್ಬರಿಗೂ ಒಂದೇ ಕೋಣೆ ಸಿಕ್ಕಿತು. ಗಂಟೆ ಹೊಡೆಯಿತು, ಎಲ್ಲರೂ ಪ್ರಶ್ನೆ ಬಿಡಿಸುತ್ತಿದ್ದೇವೆ, ಅಕ್ಕ ಇನ್ನೂ ಉತ್ತರಪತ್ರಿಕೆಯ ಮೇಲಿನ ತಮ್ಮ ಹೆಸರನ್ನೇ ನೋಡುತ್ತಿದ್ದಾರೆ. ಬೆರಳಿಟ್ಟು ಒಂದೊಂದು ಅಕ್ಷರ ಮುಟ್ಟಿ, ಮತ್ತೆ ಮೊದಲಿಂದ. ಕಾಲು ಗಂಟೆ ಹಾಗೇ ಹೋಯಿತು. ನನಗೆ ಎದ್ದು ಹೋಗಿ ಅವರ ಕೈ ಹಿಡಿದು ಆ ಬೆರಳನ್ನು ಕಿತ್ತು ತೆಗೆಯಬೇಕೆನ್ನಿಸಿತು.

ಅದರ ಕತೆಯನ್ನು ಅವರು ರೈಲ್ವೆ ಸ್ಟೇಷನ್ನಿನಲ್ಲಿ ಹೇಳಿದರು. ಮಧ್ಯಾಹ್ನದ ಬುತ್ತಿ ತಿನ್ನಲು ಅಕ್ಕ ಅಲ್ಲಿಗೇ ಹೋಗುತ್ತಿದ್ದರು. ಮೈಸೂರಿನಿಂದ ಬರುವ ರೈಲು ಅಲ್ಲಿಗೆ ಮುಗಿಯುತ್ತದೆ, ಮುಂದಕ್ಕೆ ಹಳಿಯಿಲ್ಲ. “ನೋಡಮ್ಮಿ, ಈ ಊರ್ನಾಗೆ ರೈಲೂ ಮುಂದ್ಕೆ ಓಗಕ್ಕಿಲ್ಲ. ನಿನ್ನಂಗೆ ನನ್ನಂಗೆ ಬಂದು ನಿಂತ್ಕತದೆ” ಎಂದು ಮುದ್ದೆ ಮುರಿಯುತ್ತಿದ್ದರು. ಬಹಳ ವರ್ಷದ ಹಿಂದೆ ಅಕ್ಕ ಒಂದು ಹುದ್ದೆಗೆ ಆಯ್ಕೆಯಾಗಿದ್ದರಂತೆ. ಪರಿಶೀಲನೆಯ ದಿನ ಜಾತಿ ಪ್ರಮಾಣಪತ್ರದಲ್ಲಿ ಹೆಸರಿನ ಹ ಇರಲಿಲ್ಲ. ಅರ್ಜಿ ಕೊಡಲು ಹೋಗಿದ್ದ ಅಜ್ಜಿ ತನ್ನ ಬಾಯಿಗೆ ಬಂದ ಹಾಗೆ ಹೆಸರು ಹೇಳಿದ್ದಳು. ಸಂಜೆಯೊಳಗೆ ಸರಿಮಾಡಿಸಿ ತನ್ನಿ ಎಂದರು. ಅಕ್ಕ ಊರ ಕಡೆಯ ನಾಡಕಚೇರಿಗೆ ಓಡಿದರು, ಸರಿಮಾಡಿಸಿದರು. ಅವತ್ತು ಸಂತೆಯ ದಿನ. ವಾಪಸು ಬರುವಾಗ ಬಸ್ಸು ಸಂತೆಮರಹಳ್ಳಿಯಲ್ಲಿ ದನ, ಗಾಡಿ, ಜನದ ಮಧ್ಯೆ ಸಿಕ್ಕಿಕೊಂಡಿತು.

“ಇಳ್ದು ನಡುದ್ರೆ ಮುಂದ್ಲ ಬಸ್ಸು ಸಿಕ್ತಿತ್ತೇನೋ. ಈಗ್ ಬುಡ್ತದೆ, ಆಗ್ ಬುಡ್ತದೆ ಅಂತ ಕುಂತೇ ಇದ್ದೆ ಕಣಮ್ಮಿ. ಓಗಿ ನೋಡುದ್ರೆ ಬಾಗ್ಲು ಆಕಿದ್ರು.”

“ನನ್ ಕಾಗ್ದದ ಇಂದೆ ಓಡೋಕೆ ಇನ್ನೊಬ್ರು ಇದ್ದಿದ್ರೆ, ನಾನು ಅಲ್ಲೇ ಬಾಗ್ಲತ್ರ ನಿಂತ್ಕಂಡು ಗೋಗರೀತಿದ್ದೆ. ಯಾರೂ ಇರ್ನಿಲ್ಲ” ಎಂದೂ ಹೇಳಿದರು. ಅಕ್ಕ ಅಳಲಿಲ್ಲ. ಡಬ್ಬಿ ತೊಳೆದು, ಬಾ ಓಗಾನ ಎಂಬಂತೆ ತಲೆಯಾಡಿಸಿದರು.

ಒಂದು ಯುಗಾದಿ ಕಳೆಯಿತು. ಊರಿಗೆ ಹೋದರೆ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಜೊತೆ ಓದಿದವರು ಸಿಕ್ಕಿ “ಇನ್ನೂ ಆಗ್ಲಿಲ್ವಾ?” ಎನ್ನುವರು. ಆ ಪ್ರಶ್ನೆಗೆ ಹೆದರಿ ಕಂಬದ ಹಿಂದೆ ನಿಂತು ಬಸ್ಸು ಹತ್ತಿದ್ದೂ ಉಂಟು. ಊರಿನಲ್ಲೂ ಇರಲಾರೆ, ಇಲ್ಲೂ ಇರಲಾರೆ. ಒಂದು ದಿನ ಪುಸ್ತಕ ಮುಚ್ಚಿ, “ಅಕ್ಕ, ನಾನು ಬಿಟ್ಟುಬಿಡ್ತೀನಿ” ಎಂದೆ.

“ಬುಡು. ನಿಂಗೆ ಬುಡಾಕಾಯ್ತದೆ. ನನ್ ನೋಡು. ಓದದ್ ಬುಟ್ರೆ ಇಷ್ಟ್ ವರ್ಸ ಓದಿದ್ದು ದಂಡ. ಓದ್ತಾ ಕುಂತ್ರೆ ಉಳ್ದಿರೋ ವರ್ಸಾನೂ ದಂಡ. ಯಾನ ಮಾಡಾನ ಏಳು?” ಎಂದರು. ನಾನು ಪುಸ್ತಕ ತೆರೆದೆ.

ಆ ವರ್ಷವೇ ಜಿಲ್ಲೆಯ ಒಂದು ಇಲಾಖೆಯಲ್ಲಿ ಗುಮಾಸ್ತರ ಹುದ್ದೆಗಳಿಗೆ ಅರ್ಜಿ ಕರೆದರು. ವರ್ಷದ ಕೊನೆಗೆ ಅಕ್ಕನ ವಯೋಮಿತಿ ಮುಗಿಯುತ್ತಿತ್ತು. ಇದಾದ ಮೇಲೆ ಅವರು ಯಾವುದಕ್ಕೂ ಅರ್ಜಿ ಹಾಕುವಂತಿರಲಿಲ್ಲ. ನಾವಿಬ್ಬರೂ ಒಂದೇ ಜಾತಿಪಟ್ಟಿಯವರು, ಇಬ್ಬರೂ ಹಳ್ಳಿ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳು. ಆ ಗುಂಪಿಗೆ ಇದ್ದದ್ದು ಒಂದೇ ಹುದ್ದೆ. ಅದನ್ನು ಇಬ್ಬರೂ ನೋಡಿದೆವು, ಇಬ್ಬರೂ ಮಾತಾಡಲಿಲ್ಲ. ಪರೀಕ್ಷೆ ಬರೆದು ಬಂದ ಮೇಲೆ, “ಎಷ್ಟು ಬಿಟ್ರಿ ಅಕ್ಕ?” ಎಂದೆ. “ಎಂಟು” ಎಂದರು. ಎಂಟಕ್ಕೂ ಅವರಿಗೆ ಉತ್ತರ ಗೊತ್ತಿತ್ತು.

ಪಟ್ಟಿ ಬಂದ ದಿನ ಕೋಣೆಯಲ್ಲಿ ಯಾರೋ ಮೊಬೈಲಿನಲ್ಲಿ ತೆರೆದು ಓದಿದರು. ಆ ಒಂದು ಹುದ್ದೆಗೆ ನನ್ನ ಹೆಸರಿತ್ತು. ಹೆಚ್ಚುವರಿ ಪಟ್ಟಿಯಲ್ಲಿ ಮೊದಲ ಹೆಸರು ಅಕ್ಕನದು. ನಡುವೆ ಒಂದೇ ಒಂದು ಪ್ರಶ್ನೆಯ ಅಂತರ. ಹೆಚ್ಚುವರಿ ಪಟ್ಟಿ ಎಂದರೆ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತು. ನಾನು ಪರಿಶೀಲನೆಯಲ್ಲಿ ಬಿದ್ದರೆ, ಅಥವಾ ಕೆಲಸಕ್ಕೆ ಹಾಜರಾಗದೆ ಹೋದರೆ, ಅಕ್ಕನಿಗೆ ಕಾಗದ ಹೋಗುತ್ತದೆ. ಅಕ್ಕ ಎದ್ದು ಹೊರಗಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದರು. ದುಪಟ್ಟಾದಿಂದ ಒರೆಸಿಕೊಳ್ಳುತ್ತ, “ಏನಮ್ಮಿ, ಸ್ವೀಟು ತತ್ತೀಯೋ ಇಲ್ವೋ? ತುಪ್ಪ ಚೆನ್ನಾಗಿರ್ಲಿ” ಎಂದರು. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಪರಿಶೀಲನೆಯ ಹಿಂದಿನ ಸಂಜೆ ಫೈಲು ತೆಗೆದುಕೊಂಡು ಓದುವ ಕೋಣೆಗೆ ಹೋದೆ. ಅಕ್ಕನಿಗೆ ತೋರಿಸುವುದೋ ಬೇಡವೋ? ತೋರಿಸಿದರೆ ಗಾಯದ ಮೇಲೆ ಕೈಯಿಟ್ಟ ಹಾಗೆ. ತೋರಿಸದಿದ್ದರೆ ನಂಬಲಿಲ್ಲ ಎಂದ ಹಾಗೆ. ಕೊನೆಗೆ ಅವರೇ ಕೈ ಚಾಚಿದರು. ಗಡಿಯಾರ ಬಿಚ್ಚಿಟ್ಟರು. ಹಳದಿ ಬೆರಳು ಒಂದೊಂದು ಹಾಳೆಯ ಮೇಲೂ ಇಳಿಯುತ್ತ ಬಂತು. ಕೊನೆಯ ಹಾಳೆ ನಮ್ಮೂರ ಶಾಲೆಯದು. ನಾನು ಅಲ್ಲಿ ಓದಿದೆನೆಂದು ಹೆಡ್‌ಮಾಸ್ತರು ಬರೆದುಕೊಟ್ಟ ಪ್ರಮಾಣಪತ್ರ. ಆ ವಾರವಷ್ಟೇ ಅಪ್ಪ ಬರೆಸಿ ತಂದಿದ್ದ. ಆ ಹಾಳೆಯಲ್ಲಿ ಬೆರಳು ನಿಂತಿತು. ನಿಂತದ್ದನ್ನು ನಾನು ಕಣ್ಣಾರೆ ಕಂಡೆ.

ಅಕ್ಕ ಫೈಲು ಮುಚ್ಚಿದರು. “ಸರಿಯಾಗದೆ. ಓಗು” ಎಂದರು. ಮುಖ ನೋಡಲಿಲ್ಲ. ಬೇಜಾರಿರಬೇಕು, ಪಾಪ, ಎಂದುಕೊಂಡು ಬಂದುಬಿಟ್ಟೆ.

ಮರುದಿನ ಬೆಳಿಗ್ಗೆ ಕಚೇರಿಯ ಗೇಟಿಗೆ ಹೋದರೆ ನನಗಿಂತ ಮೊದಲೇ ಅಕ್ಕ ಅಲ್ಲಿ ನಿಂತಿದ್ದಾರೆ. ಕಣ್ಣು ಕೆಂಪಗಾಗಿ ಊದಿಕೊಂಡಿತ್ತು.

“ನೆನ್ನೇನೇ ಕಾಣ್ತು ಕಣಮ್ಮಿ. ಕಂಡೂ ಏಳ್ನಿಲ್ಲ. ಬಯ್ಯೋದಾದ್ರೆ ಆಮ್ಯಾಕೆ ಬಯ್ಯಿ. ಆ ಸ್ಕೂಲ್ ಕಾಗ್ದ ತಗಿ ಮೊದ್ಲು.”

ತೆಗೆದು ನೋಡಿದೆ. ‘ಶ್ರೀ ಅನುಮಯ್ಯ ಇವರ ಮಗಳಾದ ಮಂಜುಳಾ’ ಎಂದಿತ್ತು. ನಮ್ಮಪ್ಪನ ಹೆಸರು ಹನುಮಯ್ಯ. ಎಲ್ಲ ದಾಖಲೆಯಲ್ಲೂ ಹನುಮಯ್ಯ. ಆ ಕಾಗದವನ್ನು ನಾನು ಹತ್ತು ಸಲ ಓದಿದ್ದೆ, ಹತ್ತು ಸಲವೂ ಹನುಮಯ್ಯ ಎಂದೇ ಕಂಡಿತ್ತು. ನಮ್ಮ ಬಾಯಿ ಮಾತ್ರವಲ್ಲ, ಕಣ್ಣೂ ಹಾಗೇ. ಹೆಡ್‌ಮಾಸ್ತರು ಬೇರೆ ಜಿಲ್ಲೆಯಿಂದ ಹೊಸದಾಗಿ ಬಂದವರು. ನಮ್ಮ ಕಡೆಯವರಾಗಿದ್ದರೆ ಅನುಮಯ್ಯ ಎಂದು ಕೇಳಿಸಿಕೊಂಡು ಹನುಮಯ್ಯ ಎಂದು ಬರೆದಿರುತ್ತಿದ್ದರು. ಅವರು ಪಾಪ, ಅಪ್ಪ ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದರು.

“ಅಪ್ಪನಿಗೆ ಫೋನ್ ಮಾಡ್ತೀನಕ್ಕ. ಸರಿಮಾಡಿಸಿ ತರ್ಲಿ” ಎಂದೆ.

“ನಿಮ್ಮಪ್ಪನ್ ಕಳುಸುದ್ರೆ ತಿರ್ಗಾ ‘ಅನುಮಯ್ಯ ಸಾ’ ಅಂತ್ಲೇ ಏಳಿ ಬರುಸ್ಕ ಬತ್ತಾರೆ. ನೀನು ಇಲ್ಲಿಂದ ಅಳ್ಳಾಡ್‌ಬ್ಯಾಡ, ಎಸ್ರು ಕೂಗ್ದಾಗ ಇಲ್ದಿದ್ರೆ ಅದ್ಕೂ ಬುಟ್‌ಬುಡ್ತಾರೆ. ನಾ ಓಯ್ತೀನಿ.” ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅಂಗಿಯ ಜೇಬಿಗಿಟ್ಟುಕೊಂಡು, ಬಸ್ ಸ್ಟ್ಯಾಂಡಿನ ಕಡೆ ಓಡಿದರು.

ಚಾಮರಾಜನಗರದಿಂದ ತೆರಕಣಾಂಬಿ, ಅಲ್ಲಿಂದ ಗುಂಡ್ಲುಪೇಟೆ, ಅಲ್ಲಿಂದ ಹಂಗಳ, ಅಲ್ಲಿಂದ ನಡಿಗೆ. ಹೋಗಿ ಬರಬೇಕು. ಹನ್ನೆರಡಕ್ಕೆ ನನ್ನ ಹೆಸರು ಕೂಗಿದರು. ಒಂದು ಕಾಗದ ಬರುತ್ತಿದೆ ಸಾರ್ ಎಂದು ಗೋಗರೆದೆ. ಆ ಗುಮಾಸ್ತರು ಒಳ್ಳೆಯವರು. ಫೈಲನ್ನು ಕಟ್ಟಿನ ಕೆಳಗಿಟ್ಟು, “ನಾಲ್ಕು ಗಂಟೆ ತನಕ ನೋಡ್ತೀನಮ್ಮ. ಬರ್ಲಿಲ್ಲ ಅಂದ್ರೆ ಮುಂದಿನವರಿಗೆ ಕಳಿಸ್ಬೇಕಾಗ್ತದೆ” ಎಂದು ಪಟ್ಟಿಯ ಮೇಲೆ ಬೆರಳಾಡಿಸಿ ಆ ಮುಂದಿನವರ ಹೆಸರನ್ನು ಜೋರಾಗಿ ಓದಿದರು. ಅಕ್ಕನ ಹೆಸರು, ಹ ಸಮೇತ. ನನ್ನ ಕಾಗದ ಹಿಡಿದುಕೊಂಡು ಹೋದವರೇ ಅವರು ಎಂದು ಆ ವರಾಂಡದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಎರಡಾಯಿತು, ಮೂರಾಯಿತು. ಫೋನ್ ಮಾಡಿದೆ. ಅಕ್ಕನ ಫೋನಿಗೆ ಆ ಕಾಡಂಚಿನ ದಾರಿಯಲ್ಲಿ ಸಿಗ್ನಲ್ ಎಲ್ಲಿಯದು? ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದು ಅದೇ ಹೆಣ್ಣುಧ್ವನಿ. ಆಗ ನನಗೆ ಅನುಮಾನ ಬಂತು. ಮುಚ್ಚಿಟ್ಟು ಏನು ಸಾಧಿಸಬೇಕಾಗಿದೆ, ಹೇಳಿಬಿಡುತ್ತೇನೆ. ಅಕ್ಕ ಬರದೇ ಇದ್ದರೆ ಸಾಕು, ಬೇರೇನೂ ಮಾಡಬೇಕಾಗಿಲ್ಲ. ತೆರಕಣಾಂಬಿಯಲ್ಲಿ ಇಳಿದು ಒಂದು ಮರದ ಕೆಳಗೆ ಕೂತರೂ ಕೆಲಸ ಅವರದು. ನಿನ್ನೆ ಕಂಡೂ ಹೇಳದವರು ಇವತ್ತು ಯಾಕೆ ಬಂದಾರು? ಮೂಲ ಕಾಗದವನ್ನು ಅವರ ಕೈಗೇ ಕೊಟ್ಟ ನಾನೆಂಥ ಪೆದ್ದಿ! ಮೂರೂವರೆಯ ಹೊತ್ತಿಗೆ ಅವರನ್ನು ಮನಸ್ಸಿನಲ್ಲಿ ಬಾಯಿಗೆ ಬಂದ ಹಾಗೆ ಬೈದು ಮುಗಿಸಿದ್ದೆ.

ನಾಲ್ಕಕ್ಕೆ ಇನ್ನೇನು ಸ್ವಲ್ಪವೇ ಇರುವಾಗ ಗೇಟಿನ ಮುಂದೆ ಎಲೆಕೋಸು ತುಂಬಿದ ಒಂದು ಟೆಂಪೊ ನಿಂತಿತು. ಅಕ್ಕ ಇಳಿದರು. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತಂತೆ. ಈ ಸಲ ಅಕ್ಕ ಕಾದು ಕೂರಲಿಲ್ಲ, ಇಳಿದು ಸಿಕ್ಕಿದ ಗಾಡಿಗೆ ಕೈ ಅಡ್ಡ ಹಾಕಿದರು. ವರಾಂಡದಲ್ಲಿ ಓಡಿ ಬಂದು ನನ್ನ ಕೈಗೆ ಕವರು ತುರುಕಿ, ಎದೆಯ ಮೇಲೆ ಕೈಯಿಟ್ಟುಕೊಂಡು ಗೋಡೆಗೆ ಒರಗಿದರು. ಮಾತು ಹೊರಡುತ್ತಿಲ್ಲ. “ಹ… ಹ… ಹ…” ಎಂದು ಏದುಸಿರು ಮಾತ್ರ. ಅವರ ಬಾಯಿಂದ ಅಷ್ಟು ಸಲೀಸಾಗಿ ಆ ಅಕ್ಷರ ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನಗು ಬಂತು, ಅಳುವೂ ಬಂತು. ಒಳಗೆ ಹೋಗಿ ಕಾಗದ ಕೊಟ್ಟೆ. ಗುಮಾಸ್ತರು ನೋಡಿದರು, ಟಿಕ್ ಹಾಕಿದರು, ಮುಗಿಯಿತು.

“ಎಡ್‌ಮಾಸ್ಟ್ರು ‘ಯಾವ ಅಕ್ಷರಾರಿ’ ಅಂದ್ರು. ಬಾಯಲ್ ಬರ್ನಿಲ್ಲ ಕಣಮ್ಮಿ, ಗಾಬ್ರಿಗೆ. ನಾನೇ ಬೋಲ್ಡಿಗೆ ಓಗಿ ಸೀಮೆಸುಣ್ಣದಾಗೆ ಬರುದ್ ತೋರುಸ್ದೆ. ಮಕ್ಳೆಲ್ಲ ನಗಾಡುದ್ವು” ಎಂದು ಹೊರಗೆ ಟೀ ಕುಡಿಯುತ್ತ ಹೇಳಿದರು. ನಾನು ಅವರ ಕಾಲು ಮುಟ್ಟಲು ಬಗ್ಗಿದೆ. “ಏಯ್, ಎದ್ದೇಳು. ಆ ಕಾಲ್ಗೆ ಚಪ್ಲಿ ಇಲ್ಲ, ಕೊಳೆ” ಎಂದು ಹಿಂದಕ್ಕೆಳೆದುಕೊಂಡರು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಇನ್ನೂ ಇದೆ.

ಕೆಲಸಕ್ಕೆ ಹಾಜರಾಗಲು ಎರಡು ವಾರ ಗಡುವು ಕೊಟ್ಟಿದ್ದರು. ಆ ದಿನಗಳಲ್ಲಿ ನನ್ನ ತಲೆಯೊಳಗೆ ಒಂದೇ ಮಾತು. ನನಗೆ ಇನ್ನೂ ಬೇಕಾದಷ್ಟು ವರ್ಷಗಳಿವೆ, ಇನ್ನೊಂದು ಪರೀಕ್ಷೆ ಬರೆಯಬಹುದು. ಅಕ್ಕನಿಗೆ ಇರುವುದು ಇದೊಂದೇ. ನಾನು ಹಾಜರಾಗದಿದ್ದರೆ ಅವರಿಗೆ ಕಾಗದ ಬರುತ್ತದೆ. ರೈಲ್ವೆ ಸ್ಟೇಷನ್ನಿನ ಅದೇ ಬೆಂಚಿನ ಮೇಲೆ ಕೂತು ಒಂದು ಪತ್ರ ಬರೆದೆ. ಹನುಮಯ್ಯನವರ ಮಗಳಾದ ಮಂಜುಳಾ ಎಂಬ ನಾನು ಈ ಹುದ್ದೆಗೆ ಹಾಜರಾಗಲು ಇಚ್ಛಿಸುವುದಿಲ್ಲ. ಸಹಿ ಹಾಕಿದೆ, ಮಡಚಿದೆ. ಆದರೆ ಅಪ್ಪನ ಎರಡನೆಯ ಯುಗಾದಿ ಹತ್ತಿರ ಬಂದಿತ್ತು. ಪತ್ರ ಕೊಟ್ಟರೆ ನಾನು ಹೋಗಬೇಕಾದ್ದು ಆ ಹಿತ್ತಿಲು, ಆ ಕೊಟ್ಟಿಗೆ, ಆ ನಲ್ಲಿಯ ಮನೆಗೆ. ಅಲ್ಲಿಂದ ಯಾರು ಪರೀಕ್ಷೆ ಬರೆಯಲು ಕಳಿಸುತ್ತಾರೆ?

ಅಕ್ಕ ದಿನಾ ಕೇಳುವರು. “ಜಾಯಿನ್ ಆದ್ಯಾ?” “ಇಲ್ಲಕ್ಕ, ಇನ್ನೂ.” ಮೊದಲು ಬೈದರು. “ಯಾನಕ್ಕಮ್ಮಿ ಎಳ್ದಾಡ್ತೀಯ? ಓಗು.” ಹತ್ತನೆಯ ದಿನ “ಇನ್ನೂ ಇಲ್ಲಕ್ಕ” ಎಂದಾಗ ಬೈಯಲಿಲ್ಲ. ನನ್ನ ಮುಖವನ್ನು ನೋಡಿದರು. ಅವರ ಮುಖದಲ್ಲಿ ಏನೋ ಬೆಳಕು ಬಂದು, ತಕ್ಷಣ ಅದಕ್ಕೇ ನಾಚಿಕೊಂಡವರ ಹಾಗೆ ತಲೆ ತಗ್ಗಿಸಿ ಪುಸ್ತಕ ಓದತೊಡಗಿದರು. ಪುಟ ತಿರುಗಿಸಲಿಲ್ಲ.

ಗಡುವಿನ ಕೊನೆಯ ದಿನ ನಾನು ಹೋಗಿ ಕೆಲಸಕ್ಕೆ ಹಾಜರಾದೆ.

ಮೈಸೂರು ಪಾಕು ತೆಗೆದುಕೊಂಡು ಓದುವ ಕೋಣೆಗೆ ಹೋದಾಗ ಅಕ್ಕ ಒಂದು ತುಂಡು ತಿಂದರು. “ತುಪ್ಪ ಚೆನ್ನಾಗದೆ” ಎಂದರು. ಅದನ್ನು ಕೇಳಿಸಿಕೊಳ್ಳುವುದಕ್ಕಿಂತ ಎರಡು ಏಟು ತಿನ್ನುವುದು ಸುಲಭವಿತ್ತು. ಕೈಗಡಿಯಾರ ಕಟ್ಟಿಕೊಂಡು, ಕೆಂಪು ರೀಫಿಲ್ಲನ್ನು ನನ್ನ ಕೈಯಲ್ಲಿಟ್ಟು, “ಕಚೇರೀಲಿ ಬೇಕಾಯ್ತದೆ, ಮಡೀಕೊ” ಎಂದರು. ಅದಾದ ಸ್ವಲ್ಪ ದಿನಕ್ಕೇ ಅವರು ಬರುವುದನ್ನು ನಿಲ್ಲಿಸಿದರೆಂದು ಆಮೇಲೆ ಕೇಳಿದೆ. ಒಂದೆರಡು ಸಲ ಫೋನ್ ಮಾಡಿದೆ, ನಂಬರು ಚಾಲ್ತಿಯಲ್ಲಿಲ್ಲ ಎಂದು ಬಂತು. ಸಂತೆಮರಹಳ್ಳಿ ಏನು ದೂರ, ಬಸ್ಸು ಹತ್ತಿದರೆ ಮುಕ್ಕಾಲು ಗಂಟೆ. ನಾನು ಹೋಗಿಲ್ಲ. ಅಕ್ಕ ಒಂದು ದಿನ ಸುಮ್ಮನಿದ್ದು ಮರುದಿನ ಓಡಿ ಬಂದಿದ್ದರು. ನಾನು ಮೂರು ವರ್ಷದಿಂದ ಸುಮ್ಮನಿದ್ದೇನೆ.

ರೈಲ್ವೆ ಸ್ಟೇಷನ್ನಿನಲ್ಲಿ ಬರೆದ ಆ ಪತ್ರ ಕಚೇರಿಯ ನನ್ನ ಮೇಜಿನ ಕೆಳಗಿನ ಡ್ರಾಯರಿನಲ್ಲಿದೆ. ಆ ಹುಡುಗಿಯರ ಮಾತು ಕೇಳಿ ಬಂದ ದಿನ ಕಚೇರಿಯಲ್ಲಿ ಎಲ್ಲರೂ ಊಟಕ್ಕೆ ಹೋದ ಮೇಲೆ ತೆಗೆದೆ. ಅಕ್ಕನ ರೀಫಿಲ್ ಹಿಡಿದು, ಅವರು ನೋಡುತ್ತಿದ್ದ ಹಾಗೇ ಮೇಲಿನಿಂದ ಬೆರಳಿಟ್ಟು ಹ ನೋಡುತ್ತ ಬಂದೆ. ಹುದ್ದೆಯಲ್ಲಿ ಇತ್ತು. ಹಾಜರಾಗಲು ಎಂಬಲ್ಲಿ ಇತ್ತು. ಅಪ್ಪನ ಹೆಸರಿನಲ್ಲೂ ಇತ್ತು. ಕೊಡದೇ ಇರುವುದಕ್ಕೆ ಆ ಕಾಗದದಲ್ಲಿ ಒಂದು ತಪ್ಪೂ ಇರಲಿಲ್ಲ.